ಒಂಬತ್ತನೇ ವಯಸ್ಸಿನಲ್ಲಿ ಹೊಸ ಮನೆ

ಆ ಹಾಳೆಯಲ್ಲಿ ಹನ್ನೊಂದು ಸಾಲುಗಳಿದ್ದವು. ‘ಬಲ ಅಂದರೆ ಬರುತ್ತಾನೆ. ಕುಲ್ಲು ಅಂದರೆ ಕೂರುತ್ತಾನೆ. ಒನಸ್ ಅನ್ನುವ ಮಾತು ಕಿವಿಗೆ ಬಿದ್ದರೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಗುಡುಗಿಗೆ ಹೆದರಿಕೆ, ಮಂಚದ ಕೆಳಗೆ ಹೋದರೆ ಎಳೆಯಬೇಡಿ. ಬಂಗುಡೆಯ ಮುಳ್ಳು ತೆಗೆದು ಅನ್ನದಲ್ಲಿ ಕಲಸಿ ಕೊಡಿ. ಬಲಗಿವಿ ಮುಟ್ಟಿದರೆ ಗುರ್ ಅನ್ನುತ್ತಾನೆ, ಕಚ್ಚುವುದಿಲ್ಲ.’ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಕ್ಕ ಇದನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮರಾಠಿಯಲ್ಲೂ ಬರೆದುಕೊಡು ಎಂದು ನನ್ನ ಕೈಗಿತ್ತರು. ಅವರ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಕ್ಕ ಮಗನ ಜೊತೆ ಮಸ್ಕತ್ತಿಗೆ ಹೊರಟಿದ್ದರು. ಒಂಬತ್ತು ವರ್ಷದ ಲ್ಯಾಬ್ರಡಾರ್ ರಾಜು ಥಾಣೆಯ ನಿವೃತ್ತ ಮರಾಠಿ ಶಿಕ್ಷಕಿಯೊಬ್ಬರ ಮನೆಗೆ ಹೋಗಬೇಕಿತ್ತು. ಹುಟ್ಟಿದಾಗಿನಿಂದ ತುಳು ಮಾತ್ರ ಕೇಳಿದ್ದ ನಾಯಿ ಅದು.

ಆ ಮನೆ ಸಿಗಲು ಏಳು ವಾರ ಬೇಕಾಯಿತು. ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ವಯಸ್ಸು. ಒಂಬತ್ತು ಎಂದೊಡನೆ ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಅನ್ನುತ್ತಿದ್ದರು. ಹಾಗೆಂದವರು ಯಾರೂ ಮತ್ತೆ ಫೋನ್ ಮಾಡಲಿಲ್ಲ. ಅಲ್ಲಿಯವರೆಗೆ ನಾನು ಈ ಕೆಲಸವನ್ನು ಹತ್ತಿರದಿಂದ ನೋಡಿರಲಿಲ್ಲ. ಆಮೇಲೆ ನೋಡುತ್ತಲೇ ಬಂದಿದ್ದೇನೆ. ವಯಸ್ಸಾದ ನಾಯಿಗೆ ಮನೆ ಹುಡುಕುವುದು ಈ ಊರಿನಲ್ಲಿ ಒಂದು ಕಸುಬೇ ಆಗಿದೆ. ಸಂಬಳವಿಲ್ಲದ, ರಾತ್ರಿ ಹನ್ನೊಂದಕ್ಕೂ ಫೋನ್ ಬರುವ ಕಸುಬು.

ಮುಂಬಯಿಯಲ್ಲಿ ನಾಯಿಗಳು ಮನೆ ಕಳೆದುಕೊಳ್ಳುವುದಕ್ಕೆ ಈ ಊರಿನದೇ ಕಾರಣಗಳಿವೆ. ಸಾಕಿದವರು ತೀರಿಹೋಗುವುದು, ಮಕ್ಕಳು ಪರದೇಶಕ್ಕೆ ಕರೆಸಿಕೊಳ್ಳುವುದು, ಮನೆಗೆ ಮಗು ಬರುವುದು ಎಲ್ಲ ಕಡೆಯೂ ಇದೆ. ಇಲ್ಲಿ ಅದರ ಮೇಲೆ ರೀಡೆವಲಪ್‌ಮೆಂಟ್ ಒಂದು. ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವವರೆಗೆ ಮೂರು ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿರಬೇಕು. ಬಾಡಿಗೆಗೆ ಕೊಡುವವರು ನಾಯಿ ಬೇಡ ಅನ್ನುತ್ತಾರೆ. ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ಹೌಸಿಂಗ್ ಸೊಸೈಟಿಗಳಿಗೆ ಇಲ್ಲವೆಂದೂ, ಲಿಫ್ಟಿನಲ್ಲಿ ಒಯ್ಯದಂತೆ ತಡೆಯಬಾರದೆಂದೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿದವರು ಸುತ್ತೋಲೆ ತೋರಿಸಿ ಜಗಳಕ್ಕೆ ನಿಲ್ಲುವುದಿಲ್ಲ. ನಾಯಿಯನ್ನೇ ಕಳಿಸುತ್ತಾರೆ.

ಎಲ್ಲಿಗೆ ಕಳಿಸುತ್ತಾರೆ ಎಂಬುದೇ ಪ್ರಶ್ನೆ. ಕೆಲವರು ಆಶ್ರಯಧಾಮದ ಗೇಟಿಗೆ ಕಟ್ಟಿ ಹೋಗುತ್ತಾರೆ, ಕೆಲವರು ದೂರದ ಬೀದಿಯಲ್ಲಿ ಇಳಿಸಿ ಕಾರು ತಿರುಗಿಸುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಕಾಯ್ದೆ ಬಂದಾಗ ಅದಕ್ಕೊಂದು ಬೆಲೆ ಇದ್ದಿರಬಹುದು. ಈಗ ಅಷ್ಟು ದುಡ್ಡಿಗೆ ಎರಡು ವಡಾಪಾವ್ ಬರುತ್ತದೆ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಂಟು ವರ್ಷ ಸೋಫಾ ಪಕ್ಕ ಮಲಗಿದ ನಾಯಿಗೆ ಬೀದಿಯಲ್ಲಿ ಬದುಕಲು ಬರುವುದಿಲ್ಲ. ರಸ್ತೆ ದಾಟಲು ಗೊತ್ತಿಲ್ಲ, ಅಲ್ಲಿನ ನಾಯಿಗಳ ಗಡಿ ಗೊತ್ತಿಲ್ಲ. ಇಳಿಸಿದ ಜಾಗದಲ್ಲೇ ನಿಂತು, ಅದೇ ಬಣ್ಣದ ಪ್ರತಿ ಕಾರಿನ ಹಿಂದೆ ಓಡುತ್ತದೆ.

ನಾಯಿಗಾಗಿ ಬೀದಿಗಿಳಿದ ಊರೂ ಇದೇ. 1832ರ ಜೂನ್‌ನಲ್ಲಿ ಕಂಪನಿ ಸರ್ಕಾರದ ಜವಾನರು ಬೀದಿನಾಯಿಗಳನ್ನು ಕೊಲ್ಲುವಾಗ ಕೋಟೆ ಪ್ರದೇಶದ ಪಾರ್ಸಿಗಳು ಅಂಗಡಿ ಮುಚ್ಚಿ ಎದುರು ನಿಂತರು. ಅವರ ಅಂತ್ಯಸಂಸ್ಕಾರದಲ್ಲಿ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕು ಎಂಬ ವಿಧಿಯಿದೆ. ಸುಮಾರು ಅರ್ಧ ಶತಮಾನದ ಬಳಿಕ, 1883ರಲ್ಲಿ, ಪಾರ್ಸಿ ಉದ್ಯಮಿ ಸರ್ ದಿನ್ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಎದ್ದಿತು. ಸಕರ್‌ಬಾಯಿ ಎಂಬುದು ಅವರ ಹೆಂಡತಿಯ ಹೆಸರು. ಆದರೂ ಇದೇ ಊರಿನ ಮಹಾನಗರ ಪಾಲಿಕೆ ದಶಕಗಳ ಕಾಲ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. 1990ರ ದಶಕದಲ್ಲಿ ಅದು ನಿಂತು, ಸಂತಾನಹರಣ ಚಿಕಿತ್ಸೆಯ ಕ್ರಮ ಬಂತು. 1985ರಲ್ಲಿ ಹುಟ್ಟಿದ ‘ವೆಲ್‌ಫೇರ್ ಆಫ್ ಸ್ಟ್ರೇ ಡಾಗ್ಸ್’ ಸಂಸ್ಥೆ ಮಹಾಲಕ್ಷ್ಮಿಯಲ್ಲಿ ಆ ಕೆಲಸ ಮಾಡುತ್ತಿದೆ, ನಾಯಿಗಳಿಗೆ ಮನೆಯನ್ನೂ ಹುಡುಕುತ್ತದೆ. ಅದೇ ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟಿನ ಐದು ಮಾಳಿಗೆಯ ಪ್ರಾಣಿ ಆಸ್ಪತ್ರೆ ತೆರೆಯಿತು.

ದತ್ತು ಕೊಡುವುದನ್ನೇ ಮುಖ್ಯ ಕೆಲಸವಾಗಿ ಹಿಡಿದದ್ದು ‘ವರ್ಲ್ಡ್ ಫಾರ್ ಆಲ್’ ಸಂಸ್ಥೆ. ಬಾಂದ್ರಾದಲ್ಲಿ ಅವರು ನಡೆಸುವ ದತ್ತು ಮೇಳಕ್ಕೆ ಜನ ಕುಟುಂಬ ಸಮೇತ ಬರುತ್ತಾರೆ. ಅವರಿಗಾಗಿ ಇಲ್ಲಿನ ಜಾಹೀರಾತು ಕಂಪನಿಯೊಂದು ಮಾಡಿಕೊಟ್ಟ ಚಿತ್ರ ಅನೇಕರಿಗೆ ನೆನಪಿರಬಹುದು: ಎದುರುಬದುರು ನಿಂತ ಮನೆಮಂದಿಯ ಕಪ್ಪು ಆಕೃತಿಗಳು, ಅವರ ನಡುವಿನ ಖಾಲಿ ಬೆಳಕಿನಲ್ಲಿ ತಾನೇ ಮೂಡುವ ನಾಯಿ. ಇನ್ನೊಬ್ಬರಿಗೆ ಜಾಗ ಇದ್ದೇ ಇದೆ ಎಂಬುದು ಅದರ ಮಾತು. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಐದು ಜನ ಇರುವ ಊರಿಗೆ ಇದಕ್ಕಿಂತ ಸರಿಯಾದ ಚಿತ್ರ ನಾನು ನೋಡಿಲ್ಲ. ಆದರೆ ಮೇಳಗಳಲ್ಲಿ ಬುಟ್ಟಿ ಬೇಗ ಖಾಲಿಯಾಗುವುದು ಮರಿಗಳದ್ದು. ಮುಖ ಬೆಳ್ಳಗಾದ ನಾಯಿ ಸಂಜೆಯವರೆಗೂ ಕಾಯುತ್ತದೆ.

ಬೆಳೆದ ನಾಯಿಗಳ ವಿಷಯ ಬಂದಾಗ ನಾನು ಎಲ್ಲರಿಗೂ ಹೇಳುವುದು ವಿರಾರಿನ ಆ ನಾಲ್ವರ ಕಥೆ. ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್. ಮುಂಬಯಿ ಪೊಲೀಸರ ಬಾಂಬ್ ಪತ್ತೆ ದಳದ ಲ್ಯಾಬ್ರಡಾರ್‌ಗಳು. 2008ರ ನವೆಂಬರ್ 26ರ ದಾಳಿಯ ಸಮಯದಲ್ಲಿ ದುಡಿದವು. ಸಿಎಸ್‌ಟಿ ನಿಲ್ದಾಣದಲ್ಲಿ ಉಗ್ರರು ಬಿಟ್ಟುಹೋಗಿದ್ದ ಕೈಬಾಂಬುಗಳನ್ನು ಪತ್ತೆಹಚ್ಚಿದ್ದು ಸೀಸರ್. ನಿವೃತ್ತಿಯ ಮೇಲೆ ಈ ನಾಲ್ಕೂ ವಿರಾರಿನ ಒಂದು ಫಾರ್ಮ್‌ಹೌಸಿಗೆ ಹೋದವು. ಅಲ್ಲಿನ ಒಡತಿ ಪ್ರಾಣಿಗಳಿಗಾಗಿಯೇ ಬದುಕಿದವರು. ಜೀವನವಿಡೀ ಪಟ್ಟಿ ಹಿಡಿದವನ ಸನ್ನೆಗೆ ನಡೆದ ನಾಯಿಗಳಿಗೆ ಮೊದಲ ಸಲ ಬೇಕೆಂದಾಗ ಮಲಗುವ ಸ್ವಾತಂತ್ರ್ಯ ಬಂತು. 2016ರಲ್ಲಿ ಒಂದೇ ವರ್ಷದೊಳಗೆ ನಾಲ್ಕೂ ತೀರಿಕೊಂಡವು. ಕೊನೆಯದಾಗಿ, ಅಕ್ಟೋಬರ್‌ನಲ್ಲಿ, ಹನ್ನೊಂದು ವರ್ಷದ ಸೀಸರ್. ಜೊತೆಗಾರರು ಒಬ್ಬೊಬ್ಬರಾಗಿ ಹೋದಂತೆ ಅವನು ಮಂಕಾಗಿದ್ದ ಎಂದು ಪತ್ರಿಕೆಗಳು ಬರೆದವು. ಅಷ್ಟು ವಯಸ್ಸಾದ ಮೇಲೂ ನಾಯಿ ಹೊಸ ಮನೆಗೆ ಹೊಂದಿಕೊಳ್ಳುತ್ತದೆಯೇ ಎಂದು ಕೇಳುವವರಿಗೆ ಆ ಫಾರ್ಮೇ ಉತ್ತರ.

ಇನ್ನೂ ಹಿಂದಕ್ಕೆ ಹೋದರೆ ಕನ್ನಡ ನಾಡಿನಲ್ಲೇ ಆ ಉತ್ತರ ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ದೊರೆ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲರೂ ಅದನ್ನು ನಾಯಿಯ ಶೌರ್ಯಕ್ಕಾಗಿ ನೆನೆಯುತ್ತಾರೆ. ನನಗೆ ಕಾಣುವುದು ಬೇರೆ: ಕಾಳಿ ಮಣಲೇರನ ಮನೆಯಲ್ಲಿ ಬೆಳೆದದ್ದಲ್ಲ. ಬೆಳೆದು, ಹೆಸರು ಪಡೆದು, ಗುಣ ಗೊತ್ತಾದ ಮೇಲೆ ಕೈ ಬದಲಾದ ನಾಯಿ. ಗುಣ ಗೊತ್ತಿದ್ದದ್ದರಿಂದಲೇ ಅವನು ಅದನ್ನು ಕೇಳಿದ. ಹೆಸರನ್ನೂ ಬದಲಿಸಲಿಲ್ಲ.

ಬೆಳೆದ ನಾಯಿಯ ಅನುಕೂಲ ಇದೇ. ಮರಿ ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಎಂಟು ವರ್ಷದ ನಾಯಿಯ ಗಾತ್ರ, ಸಿಟ್ಟು, ಮಕ್ಕಳೊಂದಿಗಿನ ನಡತೆ ಎಲ್ಲ ಕಣ್ಣೆದುರಿಗಿದೆ. ಉಚ್ಚೆಗೆ ಹೊರಗೆ ಹೋಗಬೇಕೆಂದು ಗೊತ್ತು, ಚಪ್ಪಲಿ ಕಡಿಯುವ ಕಾಲ ಮುಗಿದಿದೆ, ಹಗಲಿನ ಹೆಚ್ಚು ಹೊತ್ತು ನಿದ್ದೆ. ಬೆಳಿಗ್ಗೆ ಏಳರ ಲೋಕಲ್ ಹಿಡಿಯುವ ಮನೆಗೆ ಮರಿಗಿಂತ ಇದೇ ಸರಿ. ಖರ್ಚಿಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ. ದೊಡ್ಡ ಜಾತಿಗಳು ಏಳೆಂಟಕ್ಕೇ ಮುದಿಯಾಗುತ್ತವೆ, ಸಣ್ಣವು ಹತ್ತು ದಾಟಬೇಕು. ಹಲ್ಲು, ಸೊಂಟದ ಕೀಲು, ಕಣ್ಣಿನ ಪೊರೆ, ಮೂತ್ರಪಿಂಡ. ಹೆಣ್ಣುನಾಯಿಗೆ ಸಂತಾನಹರಣ ಆಗಿರದಿದ್ದರೆ ಗರ್ಭಕೋಶದ ಕೀವು. ಮುಂಬಯಿಯ ಮಳೆಯಲ್ಲಿ ಉಣ್ಣಿಜ್ವರವೂ ಇಲಿಜ್ವರವೂ ಕಾದಿರುತ್ತವೆ. ಆದ್ದರಿಂದ ಒಪ್ಪಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿ ಆ ವರದಿಯನ್ನೇ ಕೈಗೆ ಕೊಡುವುದು ಮರ್ಯಾದೆ. ಕಾಯಿಲೆ ಮುಚ್ಚಿಟ್ಟು ಕೊಟ್ಟ ನಾಯಿ ತಿಂಗಳೊಳಗೆ ಮತ್ತೆ ಗೇಟಿನ ಹೊರಗಿರುತ್ತದೆ.

ದತ್ತು ಕೊಡಿಸುವ ಒಳ್ಳೆಯ ಕಾರ್ಯಕರ್ತರು ಫೋಟೋ ಹಾಕಿ ಸುಮ್ಮನಾಗುವುದಿಲ್ಲ. ಕೇಳಿದವರ ಮನೆಗೆ ಹೋಗುತ್ತಾರೆ. ಬಾಲ್ಕನಿಗೆ ಗ್ರಿಲ್ ಇದೆಯೇ, ಮನೆ ಬಾಡಿಗೆಯದೋ ಸ್ವಂತದ್ದೋ, ನಾಯಿ ಬರುವುದಕ್ಕೆ ಅತ್ತೆಯ ಒಪ್ಪಿಗೆ ಇದೆಯೇ ಎಂದೂ ಕೇಳುತ್ತಾರೆ. ಒಬ್ಬರಿಗೆ ಇಷ್ಟವಿಲ್ಲದಿದ್ದರೂ ನಾಯಿಗೆ ಅದು ಗೊತ್ತಾಗುತ್ತದೆ. ಮೀನು ತಿಂದು ಬೆಳೆದದ್ದನ್ನು ಈರುಳ್ಳಿಯನ್ನೂ ತರದ ಮನೆಗೆ ಕೊಡಬೇಕಾದಾಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡುತ್ತಾರೆ. ಮೊದಲ ಕೆಲವು ವಾರ ಫಾಸ್ಟರ್ ಎಂದೇ, ಅಂದರೆ ತಾತ್ಕಾಲಿಕವಾಗಿ, ಇಟ್ಟುಕೊಳ್ಳಿ, ಆಮೇಲೆ ಕಾಗದಕ್ಕೆ ಸಹಿ ಎನ್ನುತ್ತಾರೆ. ಅವರ ಬಾಯಲ್ಲಿ ಒಂದು ಲೆಕ್ಕವಿದೆ: ಬೆದರಿಕೆ ಇಳಿಯಲು ಮೂರು ದಿನ, ಮನೆಯ ಹೊತ್ತುಗೊತ್ತು ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಹಳೆಯ ಮನೆಯ ಒಗೆಯದ ಬೆಡ್‌ಶೀಟು ಜೊತೆಗೆ ಹೋಗಬೇಕು. ಊರಿಗೇ ಕಳಿಸುವುದಾದರೆ ರೈಲಿನಲ್ಲಿ ಫಸ್ಟ್ ಎಸಿಯ ಕೂಪೆ ಪೂರ್ತಿ ಕಾದಿರಿಸಬೇಕು, ಇಲ್ಲದಿದ್ದರೆ ಲಗೇಜ್ ವ್ಯಾನಿನ ಪೆಟ್ಟಿಗೆ. ವಯಸ್ಸಾದ ನಾಯಿಗೆ ಆ ಪೆಟ್ಟಿಗೆ ಬೇಡವೇ ಬೇಡ.

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2007ರಲ್ಲಿ ಶುರುವಾದ ‘ಮಟ್‌ವಿಲ್’ ಸಂಸ್ಥೆ ಏಳು ವರ್ಷ ದಾಟಿದ ನಾಯಿಗಳನ್ನೇ ತೆಗೆದುಕೊಂಡು, ವಯಸ್ಸಾದ ಮನುಷ್ಯರ ಮನೆಗಳಿಗೆ ವಿಶೇಷವಾಗಿ ಸೇರಿಸುತ್ತದೆ. ಮಾಟುಂಗ, ಮುಲುಂಡ್, ಡೊಂಬಿವಲಿಯ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರಗಿದ್ದು ಇಬ್ಬರೇ ಉಳಿದಿದ್ದಾರೆ. ಹದಿನಾಲ್ಕು ವರ್ಷ ಬಾಳುವ ಮರಿಗೆ ಹೆದರುವ ಅವರಿಗೆ ನಾಲ್ಕೈದು ವರ್ಷದ ಜೊತೆ ಹೆದರಿಕೆಯದಲ್ಲ. ಇಲ್ಲಿನ ನಮ್ಮ ಕನ್ನಡ ಸಂಘಗಳು ಇಂಥ ಕೆಲಸವನ್ನು ಕೈಗೆತ್ತಿಕೊಂಡರೆ ಎಷ್ಟು ಚೆನ್ನ. ಜೊತೆಗೆ ಇನ್ನೊಂದು: ನಾಯಿ ಸಾಕಿದ ಪ್ರತಿಯೊಬ್ಬರೂ, ನನ್ನ ನಂತರ ಇದು ಯಾರ ಮನೆಗೆ ಎಂದು ಈಗಲೇ ಬರೆದಿಡಲಿ. ರತನ್ ಟಾಟಾ ತಮ್ಮ ಉಯಿಲಿನಲ್ಲಿ ಟಿಟೊ ಎಂಬ ನಾಯಿಯ ಆರೈಕೆಗೆ ಏರ್ಪಾಡು ಮಾಡಿದ್ದರೆಂದು 2024ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಆಸ್ತಿ ಇಲ್ಲದವರಿಗೂ ಒಂದು ಹಾಳೆ, ಒಂದು ಪೆನ್ನು ಇದೆ.

ರಾಜು ಹೊರಟ ದಿನ ಅಕ್ಕ ಕೆಳಗೆ ಬರಲಿಲ್ಲ. ಟ್ಯಾಕ್ಸಿಯಲ್ಲಿ ನಾನೇ ಕರೆದುಕೊಂಡು ಹೋದೆ. ಎರಡು ದಿನ ಉಣ್ಣಲಿಲ್ಲ, ಬಾಗಿಲ ಬಳಿಯೇ ಮಲಗಿದ. ಮೂರನೇ ದಿನ ಸಂಜೆ ಟೀಚರ್ ಹಾಳೆ ನೋಡಿಕೊಂಡು, ಮರಾಠಿ ನಾಲಿಗೆಯಲ್ಲಿ ‘ಒನಸ್’ ಎಂದರಂತೆ. ಎದ್ದು ಬಂದ. ಬಂಗುಡೆ ಇರಲಿಲ್ಲ, ಮೊಟ್ಟೆ ಅನ್ನ ಇತ್ತು, ತಿಂದ.

ಶ್ರಾವಣದಲ್ಲಿ ನೋಡಲು ಹೋದಾಗ ಆ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು, ಅಂಚು ಎಣ್ಣೆಯಾಗಿತ್ತು. ಹನ್ನೊಂದು ಸಾಲಿನ ಕೆಳಗೆ ಟೀಚರ್ ಮರಾಠಿಯಲ್ಲಿ ಮೂರು ಸಾಲು ಸೇರಿಸಿದ್ದರು. ಗುಡುಗಿದಾಗ ಮಂಚದ ಕೆಳಗಲ್ಲ, ನನ್ನ ಸೀರೆಯ ನಿರಿಗೆಯ ಹಿಂದೆ ಬರುತ್ತಾನೆ. ಬಲಗಿವಿ ಈಗ ಮುಟ್ಟಬಹುದು. ‘ಯೇ’ ಎಂದರೂ ಬರುತ್ತಾನೆ.