ಬೇಕಲದ ಗಾಳಿ, ಅವ್ವನ ಅಟ್ಟಣೆ

ಗುಂಡ್ಲುಪೇಟೆ ಕಡೆಯವರಿಗೆ ಕೇರಳ ಹೊಸದೇನಲ್ಲ. ನಮ್ಮ ತೆರಕಣಾಂಬಿ ಸುತ್ತಮುತ್ತ ಬೆಳೆದ ತರಕಾರಿ, ಬಾಳೆ, ಚೆಂಡು ಹೂವು ಲಾರಿ ಹತ್ತಿ ಗಡಿ ದಾಟುತ್ತಲೇ ಇರುತ್ತವೆ. ಬೆಳೆದವರು ಮಾತ್ರ ಊರಲ್ಲೇ. ನಮ್ಮವ್ವ ಓಣಂಗೆ ಅಂತ ಎಷ್ಟು ವರ್ಷ ಹೂ ಕೊಯ್ದು ಕಳಿಸಿದ್ದಾಳೋ ಲೆಕ್ಕವಿಲ್ಲ. 59 ವರ್ಷವಾದರೂ ಸಮುದ್ರ ನೋಡಿರಲಿಲ್ಲ. ಹಸು ಯಾರು ನೋಡ್ಕೋತಾರೆ, ಹೊಲ ಯಾರು ನೋಡ್ಕೋತಾರೆ ಅನ್ನೋದರಲ್ಲೇ ಕಾಲ ಹೋಯಿತು. ಈ ಸಲ ಮೊಣಕಾಲಿನ ಆಪರೇಷನ್‌ಗೆ ಡಾಕ್ಟರು ದಿನ ಗೊತ್ತು ಮಾಡಿದ ಮೇಲೆ ತಾನೇ ಬಾಯಿಬಿಟ್ಟಳು: "ಆಮೇಲೆ ಹೆಂಗೋ ಏನೋ. ಅದ್ಕೂ ಮುಂಚೆ ಒಂದ್ಸಲ ಸಮುದ್ರ ತೋರ್ಸು ಕೂಸು."

ಆಫೀಸಿನ ಫ್ರೆಂಡ್ಸ್ ಗೋಕರ್ಣ ಅಂದರು, ಗೋವಾ ಅಂದರು. ನನ್ನ ಹತ್ತಿರ ಇದ್ದದ್ದು ಒಂದು ಶನಿವಾರ, ಜೊತೆಗೆ ಮೆಟ್ಟಿಲು ಹತ್ತಲಾಗದ ಅವ್ವ. ಕಾಸರಗೋಡು ಜಿಲ್ಲೆಯ ಬೇಕಲ ಆರಿಸಿಕೊಂಡೆ. ಅಲ್ಲಿ ಸಮುದ್ರವೂ ಇದೆ, ಕೋಟೆಯೂ ಇದೆ.

ಮೈಸೂರಿನಿಂದ ರಾತ್ರಿ ಬಸ್ಸಲ್ಲಿ ಮಂಗಳೂರು, ಬೆಳಗ್ಗೆ ಕಣ್ಣೂರು ಕಡೆಯ ಪ್ಯಾಸೆಂಜರ್ ರೈಲು. ಗೋವಿಂದ ಪೈಗಳ ಮಂಜೇಶ್ವರ, ಆಮೇಲೆ ಕಾಸರಗೋಡು, ಅದು ದಾಟಿದರೆ ಚಂದ್ರಗಿರಿ ಹೊಳೆ. ಹಳಬರ ಲೆಕ್ಕದಲ್ಲಿ ತುಳುನಾಡು ಈ ಹೊಳೆಗೆ ಮುಗಿಯುತ್ತದೆ. 'ಬೇಕಲ್ ಫೋರ್ಟ್' ಅಂತಲೇ ಒಂದು ಪುಟ್ಟ ಸ್ಟೇಷನ್ ಇದೆ. ಎಲ್ಲ ರೈಲೂ ಅಲ್ಲಿ ನಿಲ್ಲಲ್ಲ, ಮೊದಲೇ ನೋಡಿಕೊಂಡು ಹತ್ತಿ.

ಮಲಯಾಳಂ ಬರಲ್ಲವಲ್ಲ ಅಂತ ಅವ್ವ ಇಡೀ ದಾರಿ ಯೋಚನೆ ಮಾಡಿದ್ದಳು. ಆಟೋದವರು ನಮ್ಮ ಮಾತು ಕೇಳಿಸಿಕೊಂಡು ಕನ್ನಡದಲ್ಲೇ ಶುರು ಮಾಡಿದರು: "ಮಳೆ ಬರುವ ಹಾಗೆ ಉಂಟು, ನಿಮ್ಮಲ್ಲಿ ಕೊಡೆ ಉಂಟಾ ಅಮ್ಮ?" ಅವ್ವ ನನ್ನ ಕಿವಿಯಲ್ಲಿ, "ಪುಸ್ತಕ ಓದ್ದಂಗೆ ಮಾತಾಡ್ತನಲ್ಲ!" ಕೊಡೆಯೇನೋ ಇತ್ತು. ಕೋಟೆ ಬಾಗಿಲು ದಾಟಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಗಾಳಿ ಅದನ್ನು ಬೋರಲು ಮಾಡಿ ಎರಡು ಕಡ್ಡಿ ಮುರಿಯಿತು. ಗೋಪಾಲಸ್ವಾಮಿ ಬೆಟ್ಟದ ಗಾಳಿ ನೋಡಿ ಬೆಳೆದವರು ನಾವು. ಅದು ತಣ್ಣಗೆ ಮಂಜು ತರುತ್ತದೆ. ಇದು ಉಪ್ಪುಪ್ಪು, ಒಂದೇ ಸಮನೆ ತಳ್ಳುತ್ತಲೇ ಇರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ನಡೆಯೋ ಹಾಗೇ ಇಲ್ಲ.

ಬೇಕಲ ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗೋದು ಮಣಿರತ್ನಂ ಅವರ 1995ರ 'ಬಾಂಬೆ' ಸಿನಿಮಾದ ಹಾಡು. ಈಗಲೂ ಮುಕ್ಕಾಲು ಜನ ಬರೋದು ರೀಲ್ಸ್‌ಗೆ. ಅದೂ ಚೆನ್ನಾಗೇ ಬರುತ್ತದೆ, ಬೇಡ ಅನ್ನಲ್ಲ. ಆದರೆ ಗೋಡೆಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳೋರು ಒಮ್ಮೆ ತಿರುಗಿ ಆ ಗೋಡೆಯನ್ನೂ ನೋಡಬೇಕು.

ಕಟ್ಟಿಸಿದ್ದು ಮಲೆನಾಡಿನ ಕೆಳದಿಯ ಅರಸ ಶಿವಪ್ಪನಾಯಕ, 1650ರ ಸುಮಾರಿಗೆ. 'ಶಿಸ್ತು' ಎಂಬ ಕಂದಾಯದ ಲೆಕ್ಕಕ್ಕೆ ಹೆಸರಾದವನು ಅವನೇ. ಮಂಗಳೂರು, ಬಸರೂರು, ಹೊನ್ನಾವರದಲ್ಲಿ ಪೋರ್ಚುಗೀಸರನ್ನು ಎಬ್ಬಿಸಿದ್ದೂ ಅದೇ ಸುಮಾರಿಗೆ. ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ ಎಲ್ಲ ಹಡಗು ಹತ್ತುತ್ತಿದ್ದ ಕರಾವಳಿ ಇದು. ಇದನ್ನು ಕಾಯದೆ ಅವನ ಬೊಕ್ಕಸ ತುಂಬುತ್ತಿರಲಿಲ್ಲ. ಗೋಡೆ ಪೂರಾ ಕೆಂಪು ಮುರಕಲ್ಲು. ಅದರಲ್ಲಿ ಬಂದೂಕಿನ ಕಿಂಡಿಗಳಿವೆ. ಮೇಲಿನ ಕಿಂಡಿಗೆ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಲ್ಲಿ ಇನ್ನೂ ಹತ್ತಿರದ್ದು, ತೀರಾ ಕೆಳಗಿನದರಲ್ಲಿ ಗೋಡೆ ಬುಡ. ವೈರಿ ಹತ್ತಿರ ಬಂದ ಹಾಗೆಲ್ಲ ಕಿಂಡಿ ಬದಲಾಯಿಸುತ್ತಾ ಹೋಗೋದು. ನಾನು ಒಂದೊಂದಾಗಿ ಬಗ್ಗಿ ನೋಡಿದೆ. ಆ ಇಡೀ ದಿನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಸುಮಾರು 40 ಎಕರೆ ಕೋಟೆ ಅಂದಾಗ ಅವ್ವ ನಿಂತಲ್ಲೇ ಲೆಕ್ಕ ಹಾಕಿದಳು. ನಮ್ಮ ಒಂದೂವರೆ ಎಕರೆಯಂಥವು ಇಪ್ಪತ್ತಾರು! ಆಮೇಲೆ ಸುತ್ತ ಕಣ್ಣಾಡಿಸಿ, "ಅರಮನೆ ಎಲ್ಲದೆ?" ಅಂದಳು. ಇಲ್ಲ. ಮದ್ದಿನ ಮನೆ ಇದೆ, ಮೆಟ್ಟಿಲಿಟ್ಟ ಕೊಳ ಇದೆ, ಬಾಗಿಲ ಹತ್ತಿರ ಆಂಜನೇಯನ ಗುಡಿ ಇದೆ, ಅರಮನೆಯ ಗುರುತೇ ಇಲ್ಲ. ದರ್ಬಾರಿಗೆ ಕಟ್ಟಿದ್ದಲ್ಲವ್ವ, ಬರೀ ಕಾಯೋಕೆ ಅಂದೆ. "ಹಂಗಾರೆ ಇದು ಅಟ್ಟಣೆ ಅನ್ನು. ಹಂದಿ ಕಾಯಕ್ಕೆ ಹೊಲ್ದಲ್ಲಿ ಹಾಕಲ್ವಾ, ಹಂಗೆ." ಬಂಡೀಪುರದ ಅಂಚಿನಲ್ಲಿ ಬೆಳೆ ಕಾದವಳಿಗೆ ಹೊಳೆದದ್ದು ನನಗೆ ಯಾವ ಬೋರ್ಡಿನಲ್ಲೂ ಸಿಕ್ಕಿರಲಿಲ್ಲ.

ನಡುವಿನ ಕಾವಲು ಬುರುಜಿಗೆ ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋರು ಇದನ್ನು ನೆನಪಿಟ್ಟುಕೊಳ್ಳಿ. ನೆರಳು ಕಡಿಮೆ, ಬೆಳಗ್ಗೇನೇ ಹೋಗಿ. ನನ್ನ ಹೆಗಲು ಹಿಡಿದು ಮೂರು ಕಡೆ ನಿಂತು ನಿಂತು ಅವ್ವ ಮೇಲೆ ಬಂದಳು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಕಣ್ಣಲ್ಲಿ ನೀರಿತ್ತು. ಗಾಳಿಗೋ ಯಾತಕ್ಕೋ, ನಾನು ಕೇಳಲಿಲ್ಲ. ಕೊನೆಗೆ ಅಂದಳು: "ಇಷ್ಟೊಂದ್ ನೀರ್ ಅದೆ, ಒಂದ್ ಗುಂಟೆಗೂ ಹಾಯ್ಸಕಾಗಲ್ವಲ್ಲ ಕೂಸು." ಎರಡು ಬೋರ್‌ವೆಲ್ ಬತ್ತಿದ ಮನೆ ನಮ್ಮದು.

ಅಲ್ಲೇ ಕೂತು ಅವಳಿಗೆ ಉಳಿದ ಕಥೆ ಹೇಳಿದೆ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ, ಕರಾವಳಿಯೂ ಅವನ ಕೈಗೆ ಬಂತು. ಆಮೇಲೆ ಟಿಪ್ಪು. ಅಂದರೆ ಆಗ ಬೇಕಲಕ್ಕೂ ನಮ್ಮ ತೆರಕಣಾಂಬಿಗೂ ಆಳುವವನು ಒಬ್ಬನೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇದು ಕಂಪನಿಗೆ ಹೋಯಿತು, ನಮ್ಮೂರು ಮೈಸೂರಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನವನ್ನು ನಾವು ರಾಜ್ಯೋತ್ಸವ ಅಂತ ಆಚರಿಸುತ್ತೇವೆ. "ಆಟೋದವ್ನ ಅಪ್ಪ ಅವತ್ತು ಏನಂದ್ಕಂಡ್ನೋ" ಅಂದಳು ಅವ್ವ.

ಮಧ್ಯಾಹ್ನ ಕುಚ್ಚಲಕ್ಕಿ ಊಟ. ಅನ್ನ ಬೆಂದೇ ಇಲ್ಲ ಅಂತ ಅವಳ ತಕರಾರು, ಸಾಂಬಾರಿನ ಕುಂಬಳಕಾಯಿ ಮಾತ್ರ ನಮ್ಮ ಕಡೇದೇ ಅಂತ ಹಟ. ಸಂಜೆ ಕೋಟೆ ಪಕ್ಕದ ಬೀಚಿನಲ್ಲಿ ಚಪ್ಪಲಿ ಕೈಗೆ ತಗೊಂಡು ನಿಂತಳು. ಅಲೆ ಕಾಲಡಿಯ ಮರಳು ಎಳೆದಾಗ ನನ್ನ ಕೈ ಗಟ್ಟಿಯಾಗಿ ಹಿಡಿದು ಚಿಕ್ಕ ಮಕ್ಕಳ ಹಾಗೆ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

ವಾಪಸ್ ರೈಲಿನಲ್ಲಿ, ಚಂದ್ರಗಿರಿ ಹೊಳೆ ದಂಡೆಯಲ್ಲೂ ಶಿವಪ್ಪನಾಯಕನ ಇನ್ನೊಂದು ಕೋಟೆ ಇದೆ ಅಂತ ಬಾಯಿತಪ್ಪಿ ಹೇಳಿದೆ. ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಅಲ್ಲಿ ಮೆಟ್ಲು ಎಷ್ಟವೆ?"