ಅಜ್ಜಿಯ ಕೈಗೊಂದು ಅಚ್ಚು

ಸಾಗರದ ಗುಡಿಗಾರರು ಗಂಧದ ತುಂಡಿನಲ್ಲಿ ಗಣಪತಿಯನ್ನು ಬಿಡಿಸುವುದನ್ನು ನೋಡಿದ್ದೀರಾ? ಅಳತೆಯೆಲ್ಲ ಕಣ್ಣಲ್ಲೇ. ಲೈಫ್ ಕಾಸ್ಟಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಕೆತ್ತುವ ಮಾತೇ ಇಲ್ಲ. ಜೀವಂತ ಮನುಷ್ಯನ ಮೈಯಿಂದಲೇ ಅಚ್ಚು ತೆಗೆದು ಅದರೊಳಗೆ ಎರಕ ಹೊಯ್ಯುವುದು.

ಹಾಗಾದರೆ ಅದು ಕಲೆಯಾ? ಜಗಳ ಹಳೆಯದು. 1877ರಲ್ಲಿ ಫ್ರಾನ್ಸಿನ ಶಿಲ್ಪಿ ರೊದಾಂ ‘ಕಂಚಿನ ಯುಗ’ವನ್ನು ಪ್ರದರ್ಶನಕ್ಕಿಟ್ಟಾಗ, ರೂಪದರ್ಶಿಯ ಮೈಯಿಂದಲೇ ಅಚ್ಚು ತೆಗೆದಿದ್ದಾರೆಂಬ ಆರೋಪ ಬಂತು. ಪಾಪ, ಅಲ್ಲವೆಂದು ತೋರಿಸಲು ರೂಪದರ್ಶಿಯ ಫೋಟೊ ತೆಗೆಸಬೇಕಾಯಿತು. 1961ರಲ್ಲಿ ಅಮೆರಿಕದ ಜಾರ್ಜ್ ಸೀಗಲ್, ಮೂಳೆ ಮುರಿದವರಿಗೆ ಸುತ್ತುವ ಪ್ಲಾಸ್ಟರ್ ಬ್ಯಾಂಡೇಜನ್ನೇ ಮೈಗೆ ಸುತ್ತಿ ಶಿಲ್ಪ ಮಾಡತೊಡಗಿದರು. ಅಂದಿನ ಬೈಗುಳವೇ ಅವರಿಗೆ ಹೆಸರು ತಂದಿತು.

ನಮ್ಮದು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಕಳೆದ ರಜೆಯಲ್ಲಿ ನಾನು ಅಚ್ಚು ತೆಗೆದದ್ದು ಅಜ್ಜಿಯ ಕೈಯನ್ನು. 50 ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ಈಗ ನಡುಗುತ್ತದೆ. ಈ ವರ್ಷ ಮೊದಲ ಬಾರಿಗೆ ಸುಲಿಯುವ ಮೆಷಿನ್ ಅಂಗಳಕ್ಕೆ ಬಂತು.

ಹಲ್ಲಿನ ಅಳತೆ ತೆಗೆಯಲು ಬಳಸುವ ಆಲ್ಜಿನೇಟ್ ಪುಡಿಯನ್ನು ತೀರ್ಥಹಳ್ಳಿಯ ದಂತವೈದ್ಯರೊಬ್ಬರನ್ನು ಕೇಳಿ ತಂದೆ. ಅದು ಕಂದು ಕಡಲಪಾಚಿಯ ಸರಕು. ನೀರು ಬಿದ್ದೊಡನೆ ಪುಡಿಯಲ್ಲಿರುವ ಕ್ಯಾಲ್ಸಿಯಂ ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಹಿಟ್ಟಿನಂತಿದ್ದದ್ದು ಕೆಲವೇ ನಿಮಿಷದಲ್ಲಿ ರಬ್ಬರಿನಂತಾಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ನಡುಗುವ ಕೈಗೆ ಬೇಗ ಗಟ್ಟಿಯಾಗುವುದೇ ಒಳ್ಳೆಯದೆಂದು ಉಗುರುಬೆಚ್ಚಗಿನ ನೀರು ಹಾಕಿದೆ. ಅಮ್ಮ ಮೊಣಕೈ ಹಿಡಿದು ಕೂತರು.

‘ಎಂತ ಮಾಣಿ ಇದು, ತೊಡದೇವು ಹಿಟ್ಟಿಗೆ ಕೈ ಹಾಕಿದ ಹಾಗಿದೆ’ ಎಂದು ಅಜ್ಜಿ ನಕ್ಕರು.

ಒಂದು ಮಾತು. ವಿಡಿಯೊ ನೋಡಿ ನೇರವಾಗಿ ಪ್ಲಾಸ್ಟರ್ ಬಕೆಟ್ಟಿಗೆ ಕೈ ಅದ್ದಬೇಡಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ, ಕೈ ಹೊರಗೆ ಬರುವುದೂ ಇಲ್ಲ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರ ಕಲೆ ತರಗತಿಯಲ್ಲಿ 16ರ ಹುಡುಗಿಯೊಬ್ಬಳು ಹೀಗೆಯೇ ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು. ಆಲ್ಜಿನೇಟ್ ಬಿಸಿಯಾಗದು, ಬಾಗುತ್ತದೆ. ಬೆರಳಾಡಿಸಿದರೆ ಕೈ ಜಾರಿ ಬರುತ್ತದೆ. ಆದರೆ ನೀರಾರಿದಂತೆ ಕುಗ್ಗುವುದರಿಂದ ತಡಮಾಡದೆ ಅದರೊಳಗೆ ಪ್ಲಾಸ್ಟರ್ ಹೊಯ್ಯಬೇಕು.

ಸಂಜೆ ಅಚ್ಚನ್ನು ಸಿಪ್ಪೆಯಂತೆ ಸುಲಿದೆ. ಉಗುರಿನ ಸೀಳು, ಉಬ್ಬಿದ ನರ, ಹೆಬ್ಬೆರಳ ಮೇಲಿನ ಹಳೆಯ ಕತ್ತಿ ಗಾಯ, ಎಲ್ಲ ಇತ್ತು. ನಡುಕವೊಂದು ಬಿಟ್ಟು.

ಅಜ್ಜಿ ತಿರುಗಿಸಿ ತಿರುಗಿಸಿ ನೋಡಿದರು. ‘ನನ್ನ ಕೈ ಇಷ್ಟು ಬೆಳ್ಳಗೆ ಯಾವಾಗಿತ್ತು?’ ಎಂದು ಒಳಗೆ ಹೋಗಿ ಅಡಿಕೆ ಚೊಗರು ತಂದು, ಬಟ್ಟೆ ಚೂರಿನಿಂದ ಬೆರಳುಗಳಿಗೆ ತಾವೇ ಬಳಿಯತೊಡಗಿದರು.