ಕಲ್ಲೆಸೆಯದೆ ಹಾರಿದ ಹಕ್ಕಿ

ನಾಮದ ಕೋಳಿ ನೀರಿನಿಂದ ಏಳುವುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ. ಊರ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ಹಕ್ಕಿ ಹಾರಬೇಕೆಂದರೆ ಮೊದಲು ಓಡುತ್ತದೆ. ನೆಲದ ಮೇಲಲ್ಲ, ನೀರಿನ ಮೇಲೆ! ಟಪಟಪನೆ ಕಾಲು ಬಡಿಯುತ್ತ, ಹಿಂದೆ ನೀರಿನ ಚಿಮ್ಮುಗಳ ಸಾಲನ್ನೇ ಬಿಡುತ್ತ ಓಡಿ, ಇನ್ನು ಇದರ ಕೈಲಾಗದು ಎಂದು ನಮಗನಿಸುವ ಹೊತ್ತಿಗೆ ಹೇಗೋ ಮೇಲೇಳುತ್ತದೆ. ಅದೇ ಕೆರೆಯ ಚುಕ್ಕೆಬಾತಿಗೆ ಈ ಪಡಿಪಾಟಲಿಲ್ಲ. ರೆಕ್ಕೆಯನ್ನು ನೀರಿಗೆ ಅಪ್ಪಳಿಸಿ ಕೂತಲ್ಲಿಂದಲೇ ಚಂಗನೆ ನೆಟ್ಟಗೆ ಎದ್ದುಬಿಡುತ್ತದೆ. ಹೆಜ್ಜಾರ್ಲೆಯದು ಇನ್ನೂ ಬೇರೆ ಬಗೆ. ಎರಡೂ ಕಾಲು ಜೋಡಿಸಿ ನೀರನ್ನು ಒದೆಯುತ್ತ, ಕುಪ್ಪಳಿಸಿ ಕುಪ್ಪಳಿಸಿ ತನ್ನ ಭಾರವಾದ ದೇಹವನ್ನು ಮೇಲಕ್ಕೆತ್ತುತ್ತದೆ.

ನೀರುಹಕ್ಕಿಗಳ ಚಿತ್ರ ತೆಗೆಯಲು ಹೊರಟವರಿಗೆ ದುಬಾರಿ ಲೆನ್ಸಿಗಿಂತ ಮೊದಲು ಬೇಕಾದದ್ದು ಈ ತಿಳಿವಳಿಕೆ. ತಲೆಯನ್ನಷ್ಟೇ ನೀರಿಗೆ ಅದ್ದಿ ಮೇಯುವ ಚುಕ್ಕೆಬಾತು, ಸೂಜಿಬಾಲದ ಬಾತುಗಳಿಗೆ ಕಾಲುಗಳು ಮೈಯ ನಡುಭಾಗದ ಹತ್ತಿರ ಇರುತ್ತವೆ. ಮುಳುಗಿ ಮೇಯುವ ಬಾತುಗಳಿಗೆ ಕಾಲು ಹಿಂದಕ್ಕೆ ಸರಿದಿರುತ್ತದೆ, ದೇಹದ ತೂಕಕ್ಕೆ ಹೋಲಿಸಿದರೆ ರೆಕ್ಕೆಯೂ ಚಿಕ್ಕದು. ಆದ್ದರಿಂದ ಅವಕ್ಕೆ ಓಟ ಅನಿವಾರ್ಯ. ಓಡುವ ಹಕ್ಕಿಗೆ ಅದು ಸಾಗುವ ದಿಕ್ಕಿನಲ್ಲಿ ಚೌಕಟ್ಟಿನೊಳಗೆ ಜಾಗ ಬಿಡಬೇಕು. ನೆಗೆಯುವ ಹಕ್ಕಿಗೆ ತಲೆಯ ಮೇಲೆ ಜಾಗ ಬಿಡಬೇಕು. ಇಲ್ಲದಿದ್ದರೆ ಬರಿಯ ಬಾಲ ಮತ್ತು ಕಾಲಿನ ಚಿತ್ರ ಸಿಗುತ್ತದೆ.

ಇನ್ನೊಂದು ಗುಟ್ಟು ಗಾಳಿಯದು. ವಿಮಾನದಂತೆಯೇ ಹಕ್ಕಿಯೂ ಗಾಳಿಗೆ ಎದುರಾಗಿಯೇ ಏಳುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗೆ. ಜೊತೆಗೆ ಸೂರ್ಯನೂ ಬೆನ್ನಿಗಿದ್ದರೆ ಅದರ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ. ಪುಣ್ಯಕ್ಕೆ ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಲಿನಿಂದಲೇ ಬೀಸುತ್ತದೆ, ವಲಸೆ ಹಕ್ಕಿಗಳು ಬರುವುದೂ ಆಗಲೇ. ಹೀಗಾಗಿ ಡಿಸೆಂಬರ್ ಜನವರಿಯ ಬೆಳಗ್ಗೆ ಕೆರೆಯ ಮೂಡಣ ದಂಡೆಯಲ್ಲಿ ಕೂತವನಿಗೆ ಗಾಳಿ, ಬಿಸಿಲು ಎರಡೂ ಒಲಿಯುತ್ತವೆ. ಕೆರೆ ಏರಿಯ ಮೇಲೆ ನಿಂತು ತೆಗೆದರೆ ಮಾತ್ರ ಪ್ರಯೋಜನವಿಲ್ಲ. ಮೇಲಿನಿಂದ ನೋಡಿದ ಹಕ್ಕಿ ತಟ್ಟೆಗೆ ಅಂಟಿಸಿದ ಚಿತ್ರದಂತಿರುತ್ತದೆ. ನೀರಿನ ಅಂಚಿಗೆ ಇಳಿದು, ಕ್ಯಾಮೆರಾವನ್ನು ನೆಲದಿಂದ ಗೇಣೆತ್ತರಕ್ಕೆ ತಂದು ಹೊಟ್ಟೆಯ ಮೇಲೆ ಮಲಗಬೇಕು. ಆಗ ಹಿಂದಿನ ದಂಡೆ ಮಸುಕಾಗಿ, ಹಕ್ಕಿಯೂ ಅದರ ಪ್ರತಿಬಿಂಬವೂ ಎದ್ದು ಕಾಣುತ್ತವೆ. ಬಟ್ಟೆಯ ಗತಿ ಏನಾಗುತ್ತದೆಂದು ಮನೆಯಲ್ಲಿ ಒಗೆಯುವವರನ್ನು ಕೇಳಬೇಕು.

ಹಿಂದಿನವರ ಕಷ್ಟ ನೆನೆದರೆ ಇಂದಿನದು ಏನೂ ಅಲ್ಲ. ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ 1882ರಲ್ಲಿ ಹಾರುವ ಹಕ್ಕಿಗಳನ್ನು ಹಿಡಿಯಲು ಬಂದೂಕಿನ ಆಕಾರದ ಕ್ಯಾಮೆರಾ ಮಾಡಿಕೊಂಡಿದ್ದ. ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರ. ಅವನಿಗೆ ಬೇಕಿದ್ದದ್ದು ಚೆಲುವಲ್ಲ, ರೆಕ್ಕೆ ಬಡಿತದ ಲೆಕ್ಕ. ನಮ್ಮಲ್ಲಿ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿಯವರಂಥವರು ಕಾಡುಮೇಡು ಸುತ್ತಿದ್ದು ಫಿಲಂ ರೋಲಿನ ಕಾಲದಲ್ಲಿ. ರೋಲಿಗೆ 36 ಚಿತ್ರ, ತೊಳೆದು ಬರುವ ತನಕ ಏನು ಬಂದಿದೆಯೋ ದೇವರೇ ಬಲ್ಲ. ಆಗ ಹೆಸರಾಗಿದ್ದ ಕೊಡಾಕ್ರೋಮ್ ಫಿಲಮಿನ ವೇಗ 64. ಸುಡುಬಿಸಿಲಲ್ಲೂ 5.6ರ ಅಪರ್ಚರಿಗೆ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ವೇಗದ ಷಟರ್ ಅದಕ್ಕೆ ದಕ್ಕುತ್ತಿರಲಿಲ್ಲ. ಬಾತಿನ ರೆಕ್ಕೆ ಸ್ಫುಟವಾಗಿ ನಿಲ್ಲಬೇಕೆಂದರೆ ಸಾವಿರ, ಎರಡು ಸಾವಿರದ ವೇಗ ಬೇಕು. ಇಂದಿನ ಕ್ಯಾಮೆರಾಗಳಿಗೆ ಅದು ಬೆಳಗಿನ ಮಂದ ಬೆಳಕಲ್ಲೂ ಸಾಧ್ಯ. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ, ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುವ ಕ್ಯಾಮೆರಾಗಳೂ ಬಂದಿವೆ. ಆದರೂ ಥಳಗುಟ್ಟುವ ನೀರು ಅವನ್ನೂ ಆಗಾಗ ಮೋಸಗೊಳಿಸುತ್ತದೆ. ನೀರಿನ ಹೊಳಪಿಗೆ ಹೆದರಿ ಕ್ಯಾಮೆರಾ ಬೆಳಕು ಕಡಿಮೆ ಮಾಡಿತೆಂದರೆ ನಾಮದ ಕೋಳಿ ಇದ್ದಿಲ ಉಂಡೆಯಾಗುತ್ತದೆ.

ಉಪಕರಣ ಸುಲಭವಾದಂತೆ ಒಂದು ಕೆಟ್ಟ ಚಾಳಿಯೂ ಬೆಳೆದಿದೆ. ಬಾತುಗಳು ದಿನದ ಬಹುಪಾಲು ಸುಮ್ಮನೆ ತೇಲುತ್ತವೆ, ತೂಕಡಿಸುತ್ತವೆ. ದೂರದ ಊರಿಂದ ಕಾರು ಮಾಡಿಕೊಂಡು ಬಂದವನಿಗೆ ಇದು ಸಹಿಸದು. ಚಪ್ಪಾಳೆ ತಟ್ಟುತ್ತಾನೆ, ಕಲ್ಲೆಸೆಯುತ್ತಾನೆ, ಈಚೆಗೆ ಡ್ರೋನ್ ಕೂಡ ಹಾರಿಸುತ್ತಾನೆ. ಸಾವಿರಾರು ಹಕ್ಕಿ ಒಮ್ಮೆಗೇ ಎದ್ದಾಗ ನೋಟವೇನೋ ಭರ್ಜರಿ. ಆದರೆ ಚಿತ್ರ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಹೆದರಿದ ಹಕ್ಕಿ ಹಾರುವುದು ನಿಮ್ಮಿಂದ ದೂರಕ್ಕೆ, ಚೌಕಟ್ಟಿನ ತುಂಬ ಬೆನ್ನು ಮತ್ತು ಬಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದವನ್ನು ವಿವರಿಸುವಾಗ ಪ್ರಾಣಿಯನ್ನು ಅಟ್ಟುವುದನ್ನೂ ಅದರಲ್ಲಿ ಸೇರಿಸಿದೆ ಎಂಬುದು ಇವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಹಕ್ಕಿಗೆ ಇದರಿಂದ ಏನು ನಷ್ಟ? ಗದಗ ಜಿಲ್ಲೆಯ ಶಿರಹಟ್ಟಿ ಸಮೀಪದ ಮಾಗಡಿ ಕೆರೆಯನ್ನೇ (ಕೆಂಪೇಗೌಡರ ಮಾಗಡಿಯಲ್ಲ) ತೆಗೆದುಕೊಳ್ಳಿ. ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಇಲ್ಲಿಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಇವುಗಳ ತವರು. ಹಿಮಾಲಯ ದಾಟುವಾಗ ಇವು 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು, ಇದು ಅವುಗಳ ದಿನಚರಿ. ಬೆಳೆದ ಪೈರು ತಿಂದರೆ ಹೊಲದಿಂದ ರೈತ ಓಡಿಸುತ್ತಾನೆ, ಅವನನ್ನು ದೂರುವಂತಿಲ್ಲ. ಉಳಿದದ್ದು ಕೆರೆಯ ನಡುವಿನ ನೀರು ಮಾತ್ರ. ಸುಮ್ಮನೆ ತೇಲುವುದಕ್ಕಿಂತ ರೆಕ್ಕೆ ಬಡಿದು ಹಾರುವುದಕ್ಕೆ ಹಲವು ಪಟ್ಟು ಹೆಚ್ಚು ಶಕ್ತಿ ಬೇಕು. ಫೆಬ್ರುವರಿ ಹೊತ್ತಿಗೆ ಮರುಪಯಣಕ್ಕೆಂದು ಮೈಯಲ್ಲಿ ಕೊಬ್ಬು ಕೂಡಿಡುತ್ತಿರುವ ಹಕ್ಕಿಯನ್ನು ದಿನಕ್ಕೆ ನಾಲ್ಕು ಸಲ ಎಬ್ಬಿಸಿದರೆ ಆ ಗಂಟು ಅಲ್ಲೇ ಕರಗುತ್ತದೆ.

ವಿಚಿತ್ರವೆಂದರೆ ಎಬ್ಬಿಸುವ ಅಗತ್ಯವೇ ಇಲ್ಲ. ಕಾಯುವವನಿಗೆ ಹಕ್ಕಿಗಳೇ ಮುನ್ಸೂಚನೆ ಕೊಡುತ್ತವೆ. ಮೀಯುವ ಬಾತನ್ನು ಕಂಡಿರಾ, ಅದರ ಮೇಲಿಂದ ಕಣ್ಣು ಕೀಳಬೇಡಿ. ನೀರೆರಚಿಕೊಂಡು ಮುಗಿದ ಮೇಲೆ ಅದು ನೀರಿನಿಂದ ಅರ್ಧ ಮೇಲೆದ್ದು ರೆಕ್ಕೆಗಳನ್ನು ಝಾಡಿಸುವುದು ಹೆಚ್ಚುಕಡಿಮೆ ಖಂಡಿತ. ಹನಿಗಳು ಸುತ್ತ ಚಿಮ್ಮುವ ಆ ಚಿತ್ರಕ್ಕೆ ಯಾವ ಹಾರಾಟದ ಚಿತ್ರವೂ ಸಮವಲ್ಲ ಎನ್ನುವ ಪಂಗಡಕ್ಕೆ ನಾನು ಸೇರಿದವನು. ನಾಮದ ಕೋಳಿಗಳು ತಮ್ಮತಮ್ಮಲ್ಲೇ ಜಗಳ ತೆಗೆದು ಒಂದನ್ನೊಂದು ನೀರಿನ ಮೇಲೆ ಅಟ್ಟಾಡಿಸುತ್ತವೆ. ಆ ಜಗಳಕ್ಕೆ ನಾವು ಕಡ್ಡಿ ಗೀರಬೇಕಾಗಿಲ್ಲ. ಮೇವಿನಿಂದ ಮರಳುವ ಹೆಬ್ಬಾತುಗಳು ಕಾಲನ್ನು ಮುಂದಕ್ಕೆ ಚಾಚಿ, ರೆಕ್ಕೆ ಅಗಲಿಸಿ, ನೀರನ್ನು ಗೀರಿಕೊಂಡು ಇಳಿಯುತ್ತವೆ. ಬೆಳಗಿನ ಮೂಡಣ ದಂಡೆಯವನಿಗೆ ಅವು ನೇರ ಎದುರಿಗೇ ಬರುತ್ತವೆ.

ರಂಗನತಿಟ್ಟಿನಂತೆ ದೋಣಿಯಲ್ಲಿ ಕೂತು ತೆಗೆಯುವವರಿಗೆ ಒಂದು ಮಾತು. ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ, ಅಲುಗಾಟವೆಲ್ಲ ಕ್ಯಾಮೆರಾಕ್ಕೆ ದಾಟುತ್ತದೆ. ತೊಡೆಯ ಮೇಲೆ ಊರಿ.

ಸಂಜೆಯ ಆಟ ಇನ್ನೊಂದು ಬಗೆ. ಸೂರ್ಯ ಇಳಿಯುತ್ತಿದ್ದಂತೆ ಹೆಬ್ಬಾತುಗಳ ಗುಂಪಿನಲ್ಲಿ ಗುಜುಗುಜು ಶುರುವಾಗುತ್ತದೆ. ಒಂದು ಹಕ್ಕಿ ಕತ್ತು ನೆಟ್ಟಗೆ ಮಾಡಿ ತಲೆ ಕೊಡವುತ್ತದೆ, ಪಕ್ಕದ್ದೂ ಕೊಡವುತ್ತದೆ, ಕೂಗು ಏರುತ್ತದೆ. ಎಲ್ಲ ಮುಖಗಳೂ ಗಾಳಿಯ ಕಡೆಗೆ ತಿರುಗಿದವೆಂದರೆ ಹೊರಡುವ ಹೊತ್ತು ಬಂತು. ಅಷ್ಟರಲ್ಲಿ ಬೆಳಕು ಸತ್ತಿರುತ್ತದೆ. ಸಾವಿರದ ವೇಗದ ಆಸೆ ಬಿಟ್ಟು ಷಟರನ್ನು ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಸಿ. ಒಂದೇ ಹಕ್ಕಿಯನ್ನು ಆರಿಸಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ಅದರ ಜೊತೆಗೇ ಹದವಾಗಿ ತಿರುಗಿಸುತ್ತ ಗುಂಡಿ ಒತ್ತಿ. ಚಿತ್ರ ತೆಗೆದ ಮೇಲೂ ಕೈ ನಿಲ್ಲಬಾರದು. ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಉಳಿದ ಒಂದರಲ್ಲಿ ತಲೆಯ ಎರಡು ಕಪ್ಪು ಪಟ್ಟೆಗಳಷ್ಟೇ ಸ್ಪಷ್ಟವಾಗಿದ್ದು, ರೆಕ್ಕೆಯೂ ನೀರೂ ಕೆಂಪು ಗೆರೆಗಳಾಗಿ ಹರಿದಿರುತ್ತವೆ.